ಸಾಹೇಬರ ಗಡ್ಡಿ

ಧಾರವಾಡದ ಮಾಳಮಡ್ಡಿಯಲ್ಲಿ, ಸ್ಟೇಶನ್ನಿನ ಗಾಡಿಯ ಸಿಳ್ಳು ಕೇಳಿಸುವಷ್ಟು ಹತ್ತಿರ, ಬಿಂದುಮಾಧವರಾಯರ ಮನೆ ಇತ್ತು. ಮುಂಭಾಗ ತಮ್ಮ ರಮಾಕಾಂತನ ಪಾಲಿಗೆ. ಹಿಂದಿನ ಎರಡು ಖೋಲಿ, ಬಚ್ಚಲು, ಬಾವಿ, ಬಾವಿಯ ಆಚೆಗಿನ ಹಿತ್ತಲು ರಾಯರ ಪಾಲಿಗೆ. ರಾಯರು ತೀರಿಕೊಂಡು ಎರಡು ಮಳೆಗಾಲ ಕಳೆದಿದ್ದವು. ಈಗ ಮೂವತ್ತಾರನೆಯ ಇಸವಿಯಲ್ಲಿ ಆ ಹಿಂಭಾಗದಲ್ಲಿ ಅವರ ಹೆಂಡತಿ ತಾರಾಬಾಯಿ ಒಬ್ಬಳೇ ಇದ್ದಳು. ವಯಸ್ಸು ನಲವತ್ತರ ಒಳಗೇ. ಮಕ್ಕಳಾಗಿರಲಿಲ್ಲ.

ಎರಡೂ ಪಾಲುಗಳ ನಡುವೆ ಒಂದು ಬಾಗಿಲಿತ್ತು. ರಾಯರು ಇದ್ದಾಗ ಅದು ಹಗಲೆಲ್ಲ ತೆರೆದೇ ಇರುತ್ತಿತ್ತು. ಅವರು ಹೋದ ಮೇಲೆ ಯಾರೋ ಅದನ್ನು ಎಳೆದು ಮುಚ್ಚಿದರು, ಹಾಗೇ ಉಳಿಯಿತು. ಅಗಳಿ ಹಾಕಿರಲಿಲ್ಲ, ಜಗಳವೂ ಇರಲಿಲ್ಲ. ತೆರೆಯಬೇಕಾದ ಕಾರಣ ಮಾತ್ರ ಆ ಕಡೆಯವರಿಗೂ ಇರಲಿಲ್ಲ, ಈ ಕಡೆಯವಳಿಗೂ ಇರಲಿಲ್ಲ. ಮುಂಭಾಗದಲ್ಲಿ ತಟ್ಟೆ ಬಿದ್ದ ಸಪ್ಪಳ, ಓರಗಿತ್ತಿ ಗೋದಾಬಾಯಿ ಮಕ್ಕಳನ್ನು ಗದರಿಸುವ ಸಪ್ಪಳ ಗೋಡೆ ದಾಟಿ ಬರುತ್ತಿದ್ದವು. ತಾರಾಬಾಯಿ ಒಪ್ಪತ್ತಿನ ಅಡಿಗೆ ಮಾಡಿ ಉಂಡು, ಬಾವಿಯ ಕಟ್ಟೆಯ ಮೇಲೆ ಬಂದು ಕೂಡುತ್ತಿದ್ದಳು. ದಿನಗಟ್ಟಲೆ ಮಾತಾಡದೆ ಇದ್ದು, ಒಮ್ಮೊಮ್ಮೆ ಹಾಲಿನವಳಿಗೆ ‘ಇಷ್ಟು ಸಾಕು’ ಎನ್ನುವಾಗ ತನ್ನ ದನಿ ತನಗೇ ಒಡಕು ಕೇಳಿಸುತ್ತಿತ್ತು.

ಹಿತ್ತಲದ ತುಂಬ ಆಗ ಆಳೆತ್ತರದ ಗಿಡಗಳು ನಿಂತಿದ್ದವು. ಅವು ಬಂದ ಕಥೆಯನ್ನು ಮೊದಲು ಹೇಳಬೇಕು.

ರಾಯರು ಕಚೇರಿಯಲ್ಲಿ ಗುಮಾಸ್ತರು. ಉಣ್ಣುವುದರಲ್ಲಿ ಬಲು ರಸಿಕರು. ಹೋಳಿಗೆಯ ಊಟವಿದ್ದರೆ ಹಿಂದಿನ ದಿನದಿಂದಲೇ ಹೊಟ್ಟೆ ಖಾಲಿ ಇಟ್ಟುಕೊಳ್ಳುವವರು, ಪೇಢೆಯ ಪೊಟ್ಟಣವನ್ನು ಮನೆ ಮುಟ್ಟುವುದರೊಳಗೆ ಅರ್ಧ ಮಾಡುವವರು. ಅಂಥವರಿಗೆ ಸಕ್ಕರೆ ರೋಗ ಬಂತು. ಡಾಕ್ಟರು ಅನ್ನ ಬಿಡಿಸಿದರು, ಬೆಲ್ಲ ಬಿಡಿಸಿದರು, ಬಟಾಟೆಯನ್ನೂ ಬಿಡಿಸಿ, ಅದರ ಬದಲು ಒಂದು ಗಡ್ಡೆಯ ಹೆಸರು ಹೇಳಿದರು. ಜೆರುಸಲೇಮ್ ಆರ್ಟಿಚೋಕ್ ಎಂದೇನೋ ಆ ಹೆಸರು. ಸಾಹೇಬರ ಬಂಗಲೆಯ ತೋಟಗಳಲ್ಲಿ ಬೆಳೆಯುತ್ತಾರಂತೆ, ಈ ರೋಗದವರು ತಿಂದರೆ ಬಾಧಕವಿಲ್ಲವಂತೆ. ಒಂದು ಬಂಗಲೆಯ ಮಾಲಿ ಕಾಸಿಮಸಾಬ ಹೆಗಲ ಮೇಲಿನ ವಸ್ತ್ರದಲ್ಲಿ ನಾಲ್ಕು ಗಡ್ಡೆ ಕಟ್ಟಿಕೊಂಡು ಬಂದು ಕೊಟ್ಟ. ಅವನು ಅದಕ್ಕೆ ‘ಹಾತಿಚೋಕ’ ಎಂದ. ತಾರಾಬಾಯಿಗೆ ಎರಡೂ ಹೆಸರು ನಾಲಗೆಗೆ ಹೊರಳಲಿಲ್ಲ. ‘ಸಾಹೇಬರ ಗಡ್ಡಿ’ ಎಂದಳು. ಹಸಿಶುಂಠಿಗೂ ಬಟಾಟೆಗೂ ಹುಟ್ಟಿದ ಕೂಸಿನಂತೆ ಗಂಟುಗಂಟಾಗಿದ್ದ ಅವನ್ನು ಬಚ್ಚಲ ನೀರು ಹರಿದುಹೋಗುವ ದಂಡೆಗೆ ಹಚ್ಚಿದಳು.

ಮಳೆ ಬಿದ್ದದ್ದೇ ಚಿಗುರಿ, ನೋಡನೋಡುತ್ತ ಗೋಡೆ ಮೀರಿ ಬೆಳೆದವು. ಭಾದ್ರಪದದ ಹೊತ್ತಿಗೆ ತುದಿಗೆಲ್ಲ ಹಳದಿ ಹೂವು, ಸೂರ್ಯಕಾಂತಿಯ ತಂಗಿಯ ಹಾಗೆ. ಹೂವು ಉದುರಿ ಗಿಡ ಒಣಗಿದ ಮೇಲೆ ಬುಡ ಅಗೆದರೆ ಒಂದೊಂದು ಬುಡಕ್ಕೂ ಬುಟ್ಟಿ ತುಂಬ ಗಡ್ಡೆ. ಆದರೆ ಪರದೇಶದ ಗಡ್ಡೆ ಮಡಿ ಒಲೆಗೆ ಬರಕೂಡದು. ತಾರಾಬಾಯಿ ಹೊರಗಿನ ಪಡಸಾಲೆಯಲ್ಲಿ ಶೇಗಡಿ ಹೊತ್ತಿಸಿ, ಬೇರೆ ಪಾತ್ರೆಯಲ್ಲಿ, ಡಾಕ್ಟರು ಹೇಳಿದಂತೆ ನೀರಿನಲ್ಲಿ ಮೆತ್ತಗೆ ಕುದಿಸಿ, ನೀರು ಚೆಲ್ಲಿ, ಉಪ್ಪು ಹಾಕಿ ಕೊಡುತ್ತಿದ್ದಳು.

“ಗ್ವಾಡಿ ಮಣ್ಣು ತಿಂದಂಗ ಆಗ್ತದಲ್ಲ ತಾರಾ,” ಎನ್ನುತ್ತಿದ್ದರು ರಾಯರು.

“ಔಷಧ ಅಂತ ತಿನ್ನರಿ.”

ಔಷಧವೆಂದೇ ತಿಂದರು. ತಿಂದಾದ ಮೇಲೆ ಹೊಟ್ಟೆ ಗುಡುಗುಡು ಎನ್ನುವುದು. ಕಚೇರಿಯಲ್ಲಿ ಪಕ್ಕದವರು ಹೊರಗೆ ಚಕ್ಕಡಿ ಬಂತೆಂದು ಕಿಟಕಿಯ ಕಡೆ ನೋಡಿದರೆಂದು ಅವರೇ ಬಂದು ಹೇಳಿ ನಗಿಸಿದ್ದುಂಟು. ಬರಬರುತ್ತ ನಗುವುದು ನಿಂತಿತು. ಮದುವೆ ಮುಂಜಿಗಳ ಊಟಕ್ಕೆ ಹೋಗುವುದನ್ನು ಬಿಟ್ಟರು. ಮನೆಯಲ್ಲಿಯೂ ಗೋಡೆಗೆ ಮುಖ ಮಾಡಿ ಕೂತು ಉಣ್ಣತೊಡಗಿದರು. ಕೊನೆಗೆ ಚಪ್ಪಲಿ ಕಡಿದು ಕಾಲಿಗಾದ ಒಂದು ಸಣ್ಣ ಗಾಯ ಮಾಯದೆ, ಆಷಾಢದಲ್ಲಿ ಅವರನ್ನು ಕರೆದುಕೊಂಡುಹೋಯಿತು.

ಆ ವರ್ಷ ತಾರಾಬಾಯಿ ಗಿಡಗಳನ್ನೆಲ್ಲ ಕಿತ್ತು ತಿಪ್ಪೆಗೆ ಹಾಕಿದಳು. ಮಣ್ಣಿನಲ್ಲಿ ಉಳಿದ ಚೂರುಗಳಿಂದ ಮರುಮಳೆಗೆ ಮತ್ತೆ ಎದ್ದವು. ಎರಡನೆಯ ಸಲ ಕೀಳಲು ಕೈ ಬರಲಿಲ್ಲ. ನಿಂತುಕೊಳ್ಳಲಿ ಎಂದು ಬಿಟ್ಟಳು.

ಮಾರ್ಗಶಿರದ ಒಂದು ಮಂಗಳವಾರ, ಬಿಸಿಲು ಏರಿದ ಹೊತ್ತಿನಲ್ಲಿ, ಹಿತ್ತಲ ಬಾಗಿಲ ಹತ್ತಿರ ಯಾರೋ ಕೆಮ್ಮಿದರು. ರುಮಾಲು ಸುತ್ತಿ ವಿಭೂತಿ ಧರಿಸಿದ್ದ ದಪ್ಪ ಮನುಷ್ಯನೊಬ್ಬ ನಿಂತಿದ್ದ.

“ಬಿಂದುಮಾಧವರಾಯರ ಮನಿ ಇದೇ ಏನ್ರಿ ಅವ್ವಾರ? ನಾ ಹುಬ್ಬಳ್ಳಿಯವ್ರಿ, ಮಹಾದೇವಪ್ಪ ಅಂತ. ಕಾಳಿನ ವ್ಯಾಪಾರ ಐತ್ರಿ. ಸಕ್ಕರಿ ರೋಗಕ್ಕ ಕೊಡೋ ಗಡ್ಡಿ ನಿಮ್ಮ ಹಿತ್ತಲದಾಗ ಐತಿ ಅಂತ ಡಾಕ್ಟರ್ ಹೇಳಿ ಕಳಿಸ್ಯಾರ್ರಿ.”

“ಯಾರಿಗೆ ಬೇಕಾಗೇದ್ರಿ?”

“ನನ್ನ ಮಗಳಿಗ್ರಿ.” ಆತ ಪಕ್ಕಕ್ಕೆ ಸರಿದ.

ಅವನ ಹಿಂದೆ ಇಪ್ಪತ್ತರ ಹುಡುಗಿಯೊಬ್ಬಳು ಗೋಡೆಗೆ ಕೈಯೂರಿ ನಿಂತಿದ್ದಳು. ಹಸಿರು ಬಳೆಗಳು ಕೈ ಎತ್ತಿದರೆ ಮೊಳಕೈಗೆ ಜಾರುತ್ತಿದ್ದವು. ಕಣ್ಣು ದೊಡ್ಡವಾಗಿ ಮುಖವೆಲ್ಲ ಕಣ್ಣೇ ಆಗಿತ್ತು. ಆ ಸೊರಗುವಿಕೆಯನ್ನು ತಾರಾಬಾಯಿ ಬಲ್ಲಳು.

“ಬಾ ತಂಗಿ, ಬಿಸಲಾಗ ನಿಂದರಬ್ಯಾಡ. ಒಳಗ ಬಾ.”

ಮಹಾದೇವಪ್ಪನಿಗೆ ಸಂತೆಯಲ್ಲಿ ಕೆಲಸವಿತ್ತು. ಗಾಡಿಯ ಹೊತ್ತಿಗೆ ಬಂದು ಕರೆದೊಯ್ಯುವೆನೆಂದು ಮಗಳನ್ನು ಅಲ್ಲಿಯೇ ಬಿಟ್ಟು ಹೋದ. ರತ್ನವ್ವ ಎಂದು ಅವಳ ಹೆಸರು. ಅರಿವೆ ಒಗೆಯುವ ಕಲ್ಲಿನ ಮೇಲೆ ಕೂತಳು. ತಾರಾಬಾಯಿ ಗುದ್ದಲಿ ತಂದು, ಎರಡು ವರ್ಷದಲ್ಲಿ ಮೊದಲ ಸಲ, ಒಂದು ಬುಡ ಅಗೆದಳು. ಮಣ್ಣು ಸಡಿಲಾಗಿ ಕೆಂಪು ಬಿಳುಪು ಗಡ್ಡೆಗಳು ಹೊರಬಿದ್ದವು. ರತ್ನವ್ವ ಒಂದನ್ನು ಎತ್ತಿಕೊಂಡು ಸೆರಗಿನಿಂದ ಒರೆಸಿದಳು.

“ರುಚಿ ಹೆಂಗಿರತೈತ್ರಿ ಇದು?”

ತಾರಾಬಾಯಿಯ ಗುದ್ದಲಿ ನಿಂತಿತು. “ನಂಗ ಗೊತ್ತಿಲ್ಲ ತಂಗಿ.”

“ಅಂದ್ರ? ಇಷ್ಟು ವರ್ಷ ಬೆಳದೀರಿ, ಅಡಗಿ ಮಾಡೀರಿ...”

“ಅವರ ಔಷಧ ಅದು. ಒಬ್ಬರ ಔಷಧ ಇನ್ನೊಬ್ಬರು ಯಾಕ ತಿನ್ನಬೇಕು?”

ರತ್ನವ್ವ ನಕ್ಕಳು. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲದಂಥ ನಗು. “ಹಂಗಾರ ಇವತ್ತ ಇಬ್ರೂ ಕೂಡೇ ನೋಡೂಣ್ರಿ. ನಿಮ್ಮ ಒಳಗಿನ ಒಲಿ ಬ್ಯಾಡ್ರಿ, ಮಡಿ ಕೆಡತೈತಿ. ಬಚ್ಚಲದಾಗ ಹಂಡೇದ ಒಲ್ಯಾಗ ಕೆಂಡ ಕಾಣಾಕತ್ತೈತಿ ನೋಡ್ರಿ.”

“ನಿಮ್ಮವರು ಬ್ಯಾರೆಯವರ ಕೈಯಾಗ ತಿಂತಾರೇನು?”

“ನಮ್ಮವರು ತಿನ್ನಂಗಿಲ್ರಿ. ಆದ್ರ ನನ್ನ ಯಾರೂ ಊಟದ ಸಾಲಿನ್ಯಾಗ ಕುಂದ್ರಸಂಗಿಲ್ಲ ಈಗ. ನಾ ಯಾರ ಕೂಡ ತಿಂದ್ರ ಯಾರು ಕೇಳತಾರ?”

ಬೂದಿಯೊಳಗೆ ಎರಡು ಗಡ್ಡೆ ಹೂತರು. ಸಿಪ್ಪೆ ಕಪ್ಪಾಗಿ ಬಿರಿದಾಗ ಕಟ್ಟಿಗೆಯ ತುದಿಯಿಂದ ಹೊರಗೆಳೆದು, ಊದಿ ಊದಿ ಸುಲಿದರು. ಒಳಗೆ ಬೆಣ್ಣೆಯಂತೆ ಮೆತ್ತಗಿತ್ತು. ತಾರಾಬಾಯಿ ಒಂದು ಚೂರನ್ನು ಬಾಯಿಗೆ ಹಾಕಿಕೊಂಡಳು. ಸುಟ್ಟ ಹಸಿಶೇಂಗಾದ ಘಮ. ಅದರ ಹಿಂದಿನಿಂದ, ಗೆಣಸಿನಷ್ಟಲ್ಲದಿದ್ದರೂ, ಖರೇ ಎಂದರೆ ಖರೇ ಸಿಹಿ.

“ಸೀ ಐತ್ರಿ,” ಎಂದಳು ರತ್ನವ್ವ, ಕದ್ದು ತಿನ್ನುವವಳ ಹಾಗೆ ಸಣ್ಣ ದನಿಯಲ್ಲಿ. “ಇದು ತಿಂದ್ರ ನಡೀತೈತೇನ್ರಿ ನನಗ?”

“ನಡೀತದ. ಡಾಕ್ಟರ್ ಹೇಳ್ಯಾರಲ್ಲ, ತಿನ್ನು.”

ರತ್ನವ್ವ ಕಣ್ಣು ಮುಚ್ಚಿಕೊಂಡು ತಿಂದಳು. ತಾರಾಬಾಯಿ ಕೈಯಲ್ಲಿ ಉಳಿದಿದ್ದ ಗಡ್ಡೆಯನ್ನು ಕೆಳಗಿಟ್ಟಳು. ಗೋಡೆಗೆ ಮುಖ ಮಾಡಿ ಕೂತ ಒಬ್ಬರ ಬೆನ್ನು ಕಣ್ಣೆದುರು ಬಂತು. ಇಷ್ಟು ವರ್ಷ ಕುದಿಸಿ ಕುದಿಸಿ, ಇದ್ದ ಸಿಹಿಯನ್ನೆಲ್ಲ ನೀರಿನ ಜೊತೆ ಚೆಲ್ಲಿ, ಉಳಿದ ಹಿಪ್ಪೆಯನ್ನು ಅವರ ಮುಂದಿಟ್ಟಿದ್ದಳು. ಒಂದು ದಿನ, ಒಂದೇ ಒಂದು ಚೂರನ್ನು ತಾನು ಬಾಯಿಗೆ ಹಾಕಿಕೊಂಡು ನೋಡಿದ್ದರೆ! ಸಿಹಿಗೆ ಅಷ್ಟು ಹಂಬಲಿಸಿದ ಜೀವ, ಕೈಯಲ್ಲಿದ್ದ ಸಿಹಿಯನ್ನು ಮಣ್ಣೆಂದುಕೊಂಡೇ ಹೋಯಿತು.

“ಯಾಕ್ರಿ ಅವ್ವಾರ?”

“ಏನಿಲ್ಲ. ಬಿಸಿ ಅದ.”

ಅಂದಿನಿಂದ ಮಂಗಳವಾರಗಳು ಬೇರೆಯಾದವು. ಮಹಾದೇವಪ್ಪ ಸಂತೆಗೆ ಬಂದಾಗಲೆಲ್ಲ ಮಗಳನ್ನು ಕರೆತಂದು ಬಿಡುತ್ತಿದ್ದ. ತಾರಾಬಾಯಿ ಬೆಳಿಗ್ಗೆಯೇ ಕಲ್ಲು ತೊಳೆದು, ಹಂಡೆಯ ಒಲೆಗೆ ಒಳ್ಳೆಯ ಜಾಲಿ ಕಟ್ಟಿಗೆ ಹಾಕಿ ಕೆಂಡ ಉಳಿಸಿಟ್ಟುಕೊಳ್ಳುತ್ತಿದ್ದಳು. ಶೇಗಡಿಯ ಮೇಲೆ ತೆಳ್ಳಗೆ ಹೆಚ್ಚಿದ ಗಡ್ಡೆಗೆ ಸಾಸಿವೆ, ಹಸಿಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಲಿಂಬೆ ಹಿಂಡಿ ನೋಡಿದಳು. ಮೊಸರಿನಲ್ಲಿ ಕಲಸಿ ನೋಡಿದಳು. ಪ್ರತಿಯೊಂದನ್ನೂ ಮೊದಲು ತಾನು ಬಾಯಿಗೆ ಹಾಕಿಕೊಂಡು ನೋಡಿ, ಆಮೇಲೆ ಬಡಿಸಿದಳು. ಕೂಡಿ ತಿನ್ನುತ್ತ, ವಾರವೆಲ್ಲ ಒಳಗೇ ಇಟ್ಟುಕೊಂಡ ಮಾತನ್ನು ಆಡುತ್ತಿದ್ದಳು. ಹಾಲಿನವಳ ಎಮ್ಮೆ ಈದದ್ದು, ಬಾವಿಯ ಹಗ್ಗ ಹರಿದದ್ದು, ಇಂಥವೇ. ರತ್ನವ್ವ ಅದನ್ನೆಲ್ಲ ದೊಡ್ಡ ಸುದ್ದಿಯ ಹಾಗೆ ಕೇಳುತ್ತಿದ್ದಳು.

ತನ್ನದನ್ನೂ ಹೇಳಿದಳು. “ಗದಗಿಗೆ ಕೊಟ್ಟಾರ್ರಿ ನನ್ನ. ಕೊಡಪಾನಗಟ್ಲೆ ನೀರು ಕುಡೀತಾಳ, ತಿಂದದ್ದು ಮೈಗೆ ಹತ್ತಂಗಿಲ್ಲ, ಏನೋ ಬಡಕೊಂಡೈತಿ ಅಂದ್ರು ಅತ್ತಿಯಾರು. ಮುಂದ ರೋಗದ ಹೆಸರು ತಿಳದ ಮ್ಯಾಲೆ, ಆರಾಮಾದ್ರ ಕರಕೊಂಡು ಹೋಗತೇವಿ ಅಂತ ತವರಿನ್ಯಾಗ ಬಿಟ್ಟು ಹೋದ್ರು.”

“ಗಂಡ ಏನಂದಾ?”

“ಒಳ್ಳೆಯವರದಾರ್ರಿ ಅವರು. ಒಳ್ಳೆಯವರು ಏನಂತಾರ, ಸುಮ್ಮನಿರತಾರ.”

ಸಂಕ್ರಾಂತಿಯ ಹೊತ್ತಿಗೆ ಅವಳು ‘ಅವ್ವಾರ’ ಎನ್ನುವುದನ್ನು ಬಿಟ್ಟು, ಚಿಕ್ಕಮ್ಮನನ್ನು ಕರೆಯುವಂತೆ ‘ಚಿಗವ್ವಾ’ ಎನ್ನತೊಡಗಿದ್ದಳು. ಮೊದಲ ಸಲ ಅಂದಾಗ ತಾರಾಬಾಯಿ ಓಗೊಡಲಿಲ್ಲ, ತನ್ನನ್ನಲ್ಲ ಎಂದುಕೊಂಡಳು.

ನಡುವಿನ ಬಾಗಿಲು ಒಂದು ದಿನ ತೆರೆಯಿತು. ಗೋದಾಬಾಯಿ ಹೊಸ್ತಿಲ ಆ ಕಡೆಯೇ ನಿಂತು ಕೇಳಿದಳು: “ಅಕ್ಕಾ, ಹಿತ್ತಲದಾಗ ಯಾರೋ ಬಂದು ಉಣ್ಣಲಿಕ್ಕೆ ಹತ್ಯಾರಂತಲ್ಲ?”

“ಯಾರೋ ಅಲ್ಲ. ರತ್ನವ್ವ ಅಂತ. ಹುಡುಗಿಗೆ ಆರಾಮಿಲ್ಲ.”

“ಜಡ್ಡಿನವರಿಗೆ ಬೇಕಾದಷ್ಟು ಗಡ್ಡಿ ಕೊಟ್ಟು ಕಳಸ್ರಿ, ಬ್ಯಾಡ ಅಂದವರ್ಯಾರು? ಕೂಡಿ ಕೂತು ತಿನ್ನೋದು ಅಂದ್ರ? ನಾಳೆ ಭಾವನವರ ಶ್ರಾದ್ಧ ಬಂದ್ರ ನಿಮ್ಮ ಕೈ ಹೆಂಗ ಹಚ್ಚಿಸ್ಕೋಬೇಕು ಅಡಗೀಗೆ?”

“ಹಚ್ಚಿಸ್ಕೋಬ್ಯಾಡ್ರಿ,” ಎಂದಳು ತಾರಾಬಾಯಿ.

ಆ ಮನೆಗೆ ಬಂದಂದಿನಿಂದ ಹಾಗೆ ಎದುರಾಡಿದವಳಲ್ಲ. ಗೋದಾಬಾಯಿ ಬಾಗಿಲು ಎಳೆದುಕೊಂಡು ಹೋದಳು. ಈ ಸಲ ಆ ಕಡೆಯಿಂದ ಅಗಳಿ ಬಿದ್ದದ್ದು ಕೇಳಿಸಿತು.

ಮುಂದಿನ ಮಂಗಳವಾರ ರತ್ನವ್ವ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಕೆಂಡ ಬೂದಿಯಾಗುವವರೆಗೂ ತಾರಾಬಾಯಿ ಬಾಗಿಲು ನೋಡಿದಳು. ಮಹಾದೇವಪ್ಪನಾದರೂ ಬಂದಾನೆಂದು ಗಾಡಿಯ ಹೊತ್ತಿಗೆ ಸ್ಟೇಶನ್ನಿನ ದಾರಿಯ ತನಕ ಹೋಗಿ ನಿಂತು ಬಂದಳು. ಹೇಳಿ ಕಳಿಸುವವರಿಲ್ಲ, ಕೇಳುವುದಕ್ಕೆ ತಾನು ಯಾರೂ ಅಲ್ಲ. ಆ ರೋಗದ ಕೊನೆ ಹೇಗೆ ಬರುತ್ತದೆಂಬುದು ಅವಳಿಗೆ ಗೊತ್ತಿತ್ತು. ಅನ್ನ ಕಲಸಿದರೆ ಅದೇ ನೆನಪು, ನೀರು ಸೇದಿದರೆ ಅದೇ ನೆನಪು. ಕಡೆಗೆ ತಡೆಯಲಾರದೆ ಒಂದು ಮುಂಜಾನೆ ಚೀಲದ ತುಂಬ ಗಡ್ಡೆ ಅಗೆದುಕೊಂಡು, ಸೆರಗನ್ನು ತಲೆಯ ಮೇಲೆ ಬಿಗಿಯಾಗಿ ಹೊದ್ದು, ಸ್ಟೇಶನ್ನಿಗೆ ನಡೆದಳು. ಒಬ್ಬಳೇ ತಿಕೀಟು ತೆಗೆಸಿದ್ದು ಅದೇ ಮೊದಲು. ಕಿಟಕಿಯವನು ಎಲ್ಲಿಗೆಂದು ಕೇಳಿದಾಗ ಎರಡು ಸಲ ಹೇಳಬೇಕಾಯಿತು.

ಹುಬ್ಬಳ್ಳಿಯಲ್ಲಿ ಇಳಿದು, ಕೇಳುತ್ತ ಕೇಳುತ್ತ ಕೇಶ್ವಾಪುರಕ್ಕೆ ಹೋದಳು. ಕಾಳಿನ ಮಹಾದೇವಪ್ಪನವರ ಮನೆ ಎಂದರೆ ಎಲ್ಲರೂ ಬಲ್ಲರು. ದೂರದಿಂದಲೇ ಮನೆಯ ಮುಂದೆ ಏನಾದರೂ ಗುರುತು ಕಂಡೀತೇ ಎಂದು ನೋಡಿದಳು. ಅಂಗಳಕ್ಕೆ ಸಗಣಿ ಸಾರಿಸಿ ದೊಡ್ಡ ರಂಗೋಲಿ ಹಾಕಿತ್ತು. ಸಾವಾದ ಮನೆಯಲ್ಲ ಎಂದುಕೊಂಡು ಬಾಗಿಲಿಗೆ ನಡೆದಳು.

ರತ್ನವ್ವನ ತಾಯಿ ಚನ್ನಬಸವ್ವ ಬಾಗಿಲಿಗೆ ಬಂದಳು. ಯಾರೆಂದು ಹೇಳುತ್ತಲೇ ಅವಳ ಮುಖ ಅರಳಿತು. “ಧಾರವಾಡದ ಅವ್ವಾರೇನ್ರಿ! ಬರ್ರಿ, ಬರ್ರಿ, ಒಳಗ ಬರ್ರಿ.”

“ರತ್ನವ್ವ ಹೆಂಗಿದ್ದಾಳ್ರಿ? ಎಲ್ಲಿದ್ದಾಳ?”

“ಗದಗಿಗೆ ಹೋದಳ್ರಿ! ಗಂಡನ ಮನಿಗೆ!”

ಚನ್ನಬಸವ್ವನಿಗೆ ಹೇಳಿದಷ್ಟೂ ಸಾಲದು. ಡಾಕ್ಟರು ಮುಂಬಯಿಯಿಂದ ಸೂಜಿಯ ಔಷಧ ತರಿಸಿ ಸುರು ಮಾಡಿದರಂತೆ. ಕೆಲವೇ ದಿನಗಳಲ್ಲಿ ಹುಡುಗಿಯ ಮುಖಕ್ಕೆ ಕಳೆ ಬಂತಂತೆ. ಸುದ್ದಿ ಕೇಳಿ ಅಳಿಯ ತಾನೇ ಬಂದನಂತೆ. ಡಾಕ್ಟರ ಹತ್ತಿರ ದಿನಾ ಹೋಗಿ ಕೂತು, ಸೂಜಿ ಕುದಿಸುವುದು, ಚುಚ್ಚುವುದು ಎಲ್ಲ ಕಲಿತನಂತೆ. “ಅವರವ್ವ ಬ್ಯಾಡ ಅಂದ್ರೂ ಕೇಳಲಿಲ್ರಿ. ‘ನನ್ನ ಹೆಂಡತಿ, ನಾ ಚುಚ್ಚತೇನಿ, ನಾ ನೋಡಕೋತೇನಿ’ ಅಂದ. ಅಷ್ಟು ಸುಮ್ಮನಿರೋ ಮನಷ್ಯಾ ನೋಡ್ರಿ! ಲಗೂನ ಕರಕೊಂಡು ಹೊಂಟ, ಆ ಗಡಿಬಿಡಿಯಾಗ ನಿಮಗ ಹೇಳಿ ಕಳಸೂದು ಆಗಲಿಲ್ಲ.”

“ಛಲೋ ಆತು,” ಎಂದಳು ತಾರಾಬಾಯಿ. “ಭಾಳ ಛಲೋ ಆತು.” ಚೀಲವನ್ನು ಮುಂದಕ್ಕೆ ಸರಿಸಿದಳು. “ಇದನ್ನ ಆಕೀಗೆ ಮುಟ್ಟಸ್ರಿ.”

ಚನ್ನಬಸವ್ವ ಚೀಲದೊಳಗೆ ಇಣುಕಿ ನೋಡಿ, ಸ್ವಲ್ಪ ಸಂಕೋಚದಿಂದ ಹೇಳಿದಳು: “ಇನ್ನ ಇದು ಬೇಕಾಗಂಗಿಲ್ಲಂತ್ರಿ. ಸೂಜಿ ಇದ್ರ ರೊಟ್ಟಿ, ಒಂದೆರಡು ತುತ್ತು ಅನ್ನ, ಎಲ್ಲಾ ತಿನ್ನಬಹುದಂತ. ಅಷ್ಟು ದೂರದಿಂದ ಹೊತಗೊಂಡು ಬಂದೀರಿ ಪಾಪ...” ಆಮೇಲೆ ಏನೋ ಹೊಳೆದವಳಂತೆ ಕೇಳಿದಳು: “ನಿಮ್ಮ ಯಜಮಾನರಿಗೆ ಈ ಸೂಜಿ ಹಾಕ್ಸಿದ್ರೇನ್ರಿ?”

“ಇಲ್ಲ. ನಮಗ ಅದು ಗೊತ್ತಿರಲಿಲ್ಲ.”

ಊಟದ ಹೊತ್ತಾಗಿತ್ತು. ಒಳಗೆ ಯಾರೋ ರೊಟ್ಟಿ ಬಡಿಯುತ್ತಿದ್ದರು. ಬಿಸಿ ಜೋಳದ ರೊಟ್ಟಿಯ, ಬದನೆಕಾಯಿ ಎಣ್ಣೆಗಾಯಿಯ ವಾಸನೆ ಪಡಸಾಲೆಯ ತುಂಬ ಬಂದಿತ್ತು. ಚನ್ನಬಸವ್ವ ಎದ್ದು ಹೋಗಿ ಬಾಳೆಹಣ್ಣಿನ ತಟ್ಟೆ ತಂದಿಟ್ಟಳು. “ನಮ್ಮನ್ಯಾಗ ನೀವು ಉಣ್ಣಂಗಿಲ್ಲ, ನನಗ ಗೊತ್ತೈತ್ರಿ. ಹಣ್ಣರ ತಗೋರಿ.”

ಕರೆದಿದ್ದರೆ ಅಂದು ತಾರಾಬಾಯಿ ಉಣ್ಣುತ್ತಿದ್ದಳು. ಒಂದು ಸಲ ‘ಬರ್ರಿ, ಕುಂದರ್ರಿ’ ಎಂದಿದ್ದರೆ ಅವರ ಊಟದ ಸಾಲಿನಲ್ಲಿ, ಯಾರ ಪಕ್ಕದಲ್ಲಾದರೂ ಕೂತು ಉಣ್ಣುತ್ತಿದ್ದಳು. ಆದರೆ ಅದನ್ನು ಬಾಯಿ ಬಿಟ್ಟು ಹೇಳುವುದು ಹೇಗೆ? ಮರ್ಯಾದೆ ಬಲ್ಲ ಆ ಹೆಣ್ಣುಮಗಳು ಮರ್ಯಾದೆಗಾಗಿಯೇ ಕರೆಯಲಿಲ್ಲ. ತಾರಾಬಾಯಿ ಎರಡು ಹಣ್ಣು ತೆಗೆದುಕೊಂಡು, ಗಡ್ಡೆಯ ಚೀಲ ಎತ್ತಿಕೊಂಡು ಹೊರಟಳು.

ತಿರುಗಿ ಬರುವ ಗಾಡಿಯಲ್ಲಿ ಹೆಂಗಸರ ಡಬ್ಬಿ ಅರ್ಧ ಖಾಲಿ ಇತ್ತು. ಹುಡುಗಿ ಬದುಕಿದಳು. ಗಂಡ ಬಂದು ಕರೆದೊಯ್ದ. ಇದಕ್ಕಿಂತ ಒಳ್ಳೆಯದನ್ನು ತಾನಾದರೂ ಏನು ಬೇಡಿಕೊಂಡೇನು ಎಂದು ತನಗೆ ತಾನೇ ಹೇಳಿಕೊಂಡಳು. ಹೇಳಿಕೊಳ್ಳುತ್ತಿರುವಾಗಲೇ ಕಣ್ಣಿಂದ ನೀರು ಸುರಿಯತೊಡಗಿತು. ಎದುರಿಗೆ ಕೂತಿದ್ದ ಮುದುಕಿ ಗಾಬರಿಯಾಗಿ ಕೇಳಿದಳು: “ಯಾಕವ್ವಾ, ಯಾರರೆ ತೀರಿಕೊಂಡರೇನು?”

“ಇಲ್ಲ, ಇಲ್ಲ. ಛಲೋ ಸುದ್ದಿ ಅದ,” ಎಂದಳು ತಾರಾಬಾಯಿ, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ.

ಆ ಚೀಲದ ಗಡ್ಡೆಯನ್ನು ಅವಳು ಎಸೆಯಲಿಲ್ಲ. ದಿನಾ ನಾಲ್ಕು ತೆಗೆದು, ಸುಟ್ಟೋ, ಒಗ್ಗರಣೆ ಹಾಕಿಯೋ, ಎಲೆ ಹಾಕಿಕೊಂಡು ತಾನೇ ತಿಂದಳು. ಮೊದಮೊದಲು ಸಿಹಿ ಬಾಯಿಗೆ ತಗಲಿದಾಗಲೆಲ್ಲ ರಾಯರ ನೆನಪು ಎದೆ ಹಿಂಡುತ್ತಿತ್ತು. ಆಮೇಲಾಮೇಲೆ ಹಸಿವೆಯಿಂದ ತಿಂದಳು. ಮಳೆಗಾಲಕ್ಕೆ ಮೊದಲು ಒಳ್ಳೆಯ ಗಡ್ಡೆಗಳನ್ನು ಆರಿಸಿ ಹೊಸ ಸಾಲು ಹಚ್ಚಿದಳು. ಆಷಾಢದಲ್ಲಿ ಮುಂಭಾಗದಲ್ಲಿ ರಾಯರ ಶ್ರಾದ್ಧ ಆಯಿತು. ಗೋದಾಬಾಯಿ ಆಡಿದಂತೆಯೇ ನಡೆದಳು, ಅಡಿಗೆಗೆ ಇವಳನ್ನು ಕರೆಯಲಿಲ್ಲ. ತಾರಾಬಾಯಿ ಗೋಡೆಯ ಈ ಕಡೆ ಕೂತು, ಗಂಡನ ಹೆಸರು ಹಿಡಿದು ಹೇಳುವ ಮಂತ್ರ ಕಿವಿಗೆ ಬಿದ್ದಾಗ ಕೈಮುಗಿದಳು.

ಭಾದ್ರಪದದಲ್ಲಿ, ಹಿತ್ತಲೆಲ್ಲ ಹಳದಿಯಾಗಿದ್ದಾಗ, ಮಹಾದೇವಪ್ಪ ಬಂದ. ಬಿಸಿಲಲ್ಲಿ ನಡೆದು ಮುಖ ಕೆಂಪಾಗಿತ್ತು.

“ಸಂತೀಗೆ ಬಂದಿದ್ದೆ. ಹೇಳಿ ಹೋಗೂಣಂತ ಬಂದೆ. ರತ್ನವ್ವ ಆರಾಮದಾಳ್ರಿ. ಮೈ ಕೈ ತುಂಬಿಕೊಂಡಾಳ.”

“ನನ್ನ ನೆನಸ್ತಾಳೇನ್ರಿ?”

ಕೇಳಬಾರದಿತ್ತು, ಆದರೆ ಕೇಳಿಬಿಟ್ಟಳು. ಮಹಾದೇವಪ್ಪ ರುಮಾಲು ಸರಿ ಮಾಡಿಕೊಂಡ. ಗಿಡಗಳ ಕಡೆ ನೋಡಿದ. “ಹೂಂನ್ರಿ... ಮತ್ತ? ಯಾವಾಗಲೂ ಕೇಳತಾಳ. ಧಾರವಾಡದ ಚಿಗವ್ವ ಹೆಂಗದಾರ ಅಂತ.”

ಇಷ್ಟು ವರ್ಷ ವ್ಯಾಪಾರ ಮಾಡಿದರೂ ಆ ಮನುಷ್ಯನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. ತಾರಾಬಾಯಿಗೆ ತಿಳಿಯಿತು. ಮರಳಿ ಸಿಕ್ಕ ಮನೆ, ಗಂಡ, ಮೈಗೆ ಬಂದ ಬಲ, ಇವುಗಳ ನಡುವೆ ಜಡ್ಡಿನ ದಿನಗಳ ನೆನಪನ್ನು ಯಾರು ತಾನೇ ಇಟ್ಟುಕೊಳ್ಳುತ್ತಾರೆ? ಆದರೂ ಸಂತೆಯಿಂದ ಇಲ್ಲಿಯ ತನಕ ಈ ಬಿಸಿಲಿನಲ್ಲಿ ಇವನು ನಡೆದು ಬಂದಿದ್ದ. ಯಾರೂ ಕಳಿಸದೆಯೇ ಬಂದಿದ್ದ.

“ನಿಂತೇ ಹೊರಡಬ್ಯಾಡ್ರಿ,” ಎಂದಳು. “ಮಜ್ಜಿಗಿ ತರತೀನಿ, ಕುಡದು ಹೋಗ್ರಿ.”

ಮಹಾದೇವಪ್ಪ ಬಾವಿಯ ಕಟ್ಟೆಯ ಮೇಲೆ ಕೂತು, ತಂಬಿಗೆಯನ್ನು ಎತ್ತಿ ಕುಡಿದ. ಈ ವರ್ಷ ಜೋಳ ಹೇಗೆ ಬಂದಿದೆ ಎಂದು ಅವಳು ಕೇಳಿದಳು. ಕುಂದಗೋಳದ ಕಡೆ ಮಳೆ ಹೇಗಾಯಿತು, ನವಲಗುಂದದ ಕಡೆ ಹೇಗಾಯಿತು ಎಂದು ಅವನು ಸಾವಕಾಶವಾಗಿ ಹೇಳತೊಡಗಿದ. ತಾರಾಬಾಯಿ ಬಚ್ಚಲ ಬಾಗಿಲಿಗೆ ಒರಗಿ, ಒಂದೂ ಮಾತು ಬಿಡದೆ ಕೇಳಿದಳು. ನಡುವೆ ಅವನು ತಂಬಿಗೆ ಮುಂದೆ ಹಿಡಿದ.

“ಇನ್ನೊಂದ್ ಸ್ವಲ್ಪ ಹಾಕ್ರಿ ಅವ್ವಾರ. ಭಾಳ ನೀರಡಿಸಿತ್ತು.”